ಢಬ್, ಆಮೇಲೆ ಟಕ್: ಗೊಂಬೆಮನೆಯ ಬಾಗಿಲು, ನಾಲ್ಕನೇ ಕಂತು

ನಮ್ಮ ತಂಡ ನಾರ್ವೆಯ ಇಬ್ಸೆನ್‌ನ 'ಗೊಂಬೆಮನೆ' ನಾಟಕ ಆಡುತ್ತಿದೆ. ಕೊನೆಗೆ ನೋರಾ ಗಂಡ ಹೆಲ್ಮರ್‌ನನ್ನು ಬಿಟ್ಟು ಹೋಗುವಾಗ ಹಾಕುವ ಬಾಗಿಲು ಕಟ್ಟುವುದು ನನ್ನ ಪಾಲಿನ ಕೆಲಸ. ನಿನ್ನೆ ರಾತ್ರಿ 10 ಗಂಟೆ 40 ನಿಮಿಷಕ್ಕೆ ನಮ್ಮ ಬಾಗಿಲು ಬಡಿಯಿತು. ಬಡಿಯಿತು ಅಂದರೆ ಹೇಗೆ? ಸಭಾಭವನದ ಕಾವಲುಗಾರ ಟಾರ್ಚ್ ಹಿಡಿದು ಓಡಿ ಬಂದ. ಹೊರಗೆ ಮಲಗಿದ್ದ ಮೂರು ನಾಯಿ ಒಟ್ಟಿಗೆ ಬೊಗಳಿದವು. ಹೆಲ್ಮರ್ ಪಾತ್ರ ಮಾಡುವವರು ತಮಗೆ ಮುಂದೆ ಮಾತೇ ಇಲ್ಲ ಅನ್ನುವುದನ್ನು ಮರೆತು "ಯಪ್ಪಾ!" ಅಂದರು. ಎಂಟು ವಾರ, ನಾಲ್ಕು ಬಾಗಿಲು, ನನ್ನ ಎಡಗೈ ಹೆಬ್ಬೆರಳಿನ ಉಗುರು, ಇಷ್ಟು ಖರ್ಚಾದ ಮೇಲೆ ಬಂದ ಸದ್ದು. ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಬರೆಯಲು ಕೂತಿದ್ದೇನೆ.

ಫ್ಲಾಟ್, ಅಂದರೆ ರಂಗದ ಮೇಲಿನ ಬಟ್ಟೆಯ ಗೋಡೆ, ಕಟ್ಟಿದ್ದು, ಕೋರಾ ಬಟ್ಟೆ ಬಿಗಿದಿದ್ದು, ಬಣ್ಣ ಹೊಡೆದಿದ್ದು ಎಲ್ಲ ಬಿಡುತ್ತೇನೆ. ನಿಮಗೆ ಗೊತ್ತಿರುವ ಕೆಲಸವೇ. ಟಪಾಲು ಡಬ್ಬಿ ಒಂದೇ ಸಂಜೆಯಲ್ಲಿ ಮುಗಿಯಿತು. ಅದರ ಬೀಗದ ಕೈ ಮಾತ್ರ ಗಂಡನ ಜೇಬಿನಲ್ಲಿ. ನಾಟಕದಲ್ಲಿ ಹಾಗೇ ಇದೆ. ಮನೆಗೆ ಬಂದ ಕಾಗದ ಹೆಂಡತಿ ತೆಗೆಯುವ ಹಾಗಿಲ್ಲ. ಕೊನೇ ಅಂಕದಲ್ಲಿ ಬೀಗದೊಳಗೆ ಮುರಿದ ಹೇರ್‌ಪಿನ್ ಸಿಗುತ್ತದೆ. ನೋರಾ ಅದನ್ನು ಮಕ್ಕಳ ತಲೆಗೆ ಕಟ್ಟುತ್ತಾಳೆ. ಆ ಪಿನ್ನು ಪ್ರತಿ ತಾಲೀಮಿಗೂ ಒಂದು ಬೇಕು. ಇಲ್ಲಿಯವರೆಗೆ ಎರಡು ಪ್ಯಾಕೆಟ್ ಮುಗಿದಿದೆ.

ಈಗ ಬಾಗಿಲು. ಇಬ್ಸೆನ್ ಈ ನಾಟಕ ಬರೆದದ್ದು 1879ರಲ್ಲಿ. ಅದೇ ವರ್ಷ ಡಿಸೆಂಬರ್ 21ರಂದು ಕೋಪನ್‌ಹೇಗನ್‌ನಲ್ಲಿ ಮೊದಲ ಪ್ರಯೋಗ. ನಾಟಕ ಮುಗಿಯುವುದೇ ಬಾಗಿಲು ಮುಚ್ಚುವ ಸದ್ದಿನಿಂದ. ಕೊನೇ ಮಾತು ಯಾವ ಪಾತ್ರದ್ದೂ ಅಲ್ಲ, ಬಾಗಿಲದ್ದು. ಅಂದರೆ ನನ್ನದು. ತಪ್ಪಿದರೆ ಎರಡೂವರೆ ಗಂಟೆ ನೋರಾ ಪಟ್ಟ ಪಾಡೆಲ್ಲ ನೀರುಪಾಲು.

ಮೊದಲನೇ ಬಾಗಿಲನ್ನು ರಂಗದ ಮೇಲೇ ನಿಲ್ಲಿಸಿದ್ದೆ. ಎರಡು ಫ್ಲಾಟ್ ನಡುವೆ ಚೌಕಟ್ಟು, ಅದಕ್ಕೊಂದು ರೆಡಿಮೇಡ್ ಫ್ಲಶ್ ಡೋರ್. ನೋರಾ ಎಳೆದುಕೊಂಡು ಹೋದಳು. ಬಾಗಿಲು 'ಫಸ್' ಅಂದಿತು. ಹಿಂದೆಯೇ ಗೋಡೆಗೆ ಗೋಡೆಯೇ ಪಲ್ಲಕ್ಕಿಯ ಹಾಗೆ ತೂಗಾಡಿತು. ತೂಗುಹಾಕಿದ್ದ ಪಟ ಬಿತ್ತು. ತಾಲೀಮು ನೋಡಲು ಬಂದ ಹುಡುಗರು ಚಪ್ಪಾಳೆ ಹೊಡೆದರು.

ಎರಡನೇ ಬಾಗಿಲು ಅಂದರೂ ಅದೇ ಬಾಗಿಲು. ಹಿಂದಿನಿಂದ ಆಸರೆ ಕೊಟ್ಟೆ. ನಾಲ್ಕು ಚೀಲ ಮರಳು ಹೇರಿದೆ. ಗೋಡೆ ನಿಂತಿತು. ಸದ್ದು ಮಾತ್ರ ಕಲ್ಯಾಣ ಮಂಟಪದ ಬಚ್ಚಲು ಬಾಗಿಲಿನದು. ಅನುಮಾನ ಬಂದು ಬಾಗಿಲಿನ ಅಂಚಿಗೆ ಡ್ರಿಲ್ ಇಟ್ಟೆ. ಒಳಗೆ ಪೊಳ್ಳು! ಗಟ್ಟಿ ಮಾಲು ಅಂತ ಹೇಳಿ, ಗಟ್ಟಿ ಮಾಲಿನ ರೊಕ್ಕ ತಗೊಂಡು ಕೊಟ್ಟ ಬಾಗಿಲು ಅದು.

ಅಂಗಡಿಗೆ ಹೋದೆ. ಬಾಗಿಲಿನ ತುಂಡು, ರಶೀದಿ ಎರಡೂ ಮುಂದಿಟ್ಟೆ. ಮಾಲಕರು ನನ್ನ ತಲೆ ಮೇಲಿಂದ ರಸ್ತೆ ನೋಡುತ್ತ, "ಅಕ್ಕಾರ, ಸಾಹೇಬ್ರನ್ನ ಕಳಸ್ರಿ. ಕಟಗಿ ವಿಷಯ ಅವರ ಜೋಡಿ ಮಾತಾಡ್ತೀನಿ" ಅಂದರು. ನಮ್ಮನೆಯವರಿಗೆ ಮೊಳೆ ಯಾವುದು, ಸ್ಕ್ರೂ ಯಾವುದು ಗೊತ್ತಿಲ್ಲ. ಅವರೇ ಒಪ್ಪಿಕೊಳ್ಳುತ್ತಾರೆ, ಪಾಪ. ಮರುದಿನ ಕರೆದುಕೊಂಡು ಹೋದೆ. ಸ್ಕೂಟರ್ ಮೇಲೆ ಹೋಗುವಾಗ ಒಂದು ವಾಕ್ಯ ಬಾಯಿಪಾಠ ಮಾಡಿಸಿದೆ: "32 ಎಂಎಂ, ಒಳಗ ಗಟ್ಟಿ ಕಟಗಿ ಅಂತ ಹೇಳಿದ್ರಿ." ಅವರು ಅಷ್ಟೇ ಹೇಳಿದರು. ಐದು ನಿಮಿಷದಲ್ಲಿ ರೊಕ್ಕ ವಾಪಸ್. ಮೇಲೆ ಚಹಾ. ಚಹಾ ಅವರಿಗೆ ಮಾತ್ರ ಬಂತು. ಅವರು ಅದನ್ನು ನನ್ನ ಕಡೆ ಸರಿಸಿದರು, ಆ ಮಾತು ಬೇರೆ.

ಅವತ್ತು ಸಂಜೆ ಮೊದಲನೇ ಅಂಕದ ತಾಲೀಮು ಇತ್ತು. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ತರುವ ಹಾಗಿಲ್ಲವಲ್ಲ ಅಂತ ಗೆಳತಿ ನೋರಾಗೆ ಹೇಳುತ್ತಾಳೆ. ತಾಲೀಮು ಶುರುವಾದಾಗಿನಿಂದ ಕೇಳುತ್ತಿದ್ದ ಮಾತು. ಪ್ರತಿ ಸಲ 'ಆ ಕಾಲ, ಆ ದೇಶ' ಅಂದುಕೊಳ್ಳುತ್ತಿದ್ದೆ. ಆ ದಿನ ಕೈಯಲ್ಲಿದ್ದ ರೊಕ್ಕ ವಾಪಸಿನ ಚೀಟಿ ನೋಡಿದೆ. ನಮ್ಮನೆಯವರ ಹೆಸರಿನಲ್ಲಿ ಬರೆದಿದ್ದರು! ನಾರ್ವೆಯಲ್ಲಿ ಮದುವೆಯಾದ ಹೆಂಗಸಿಗೆ ತನ್ನ ದುಡಿಮೆಯ ಹಣದ ಮೇಲೆ ಹಕ್ಕು ಸಿಕ್ಕಿದ್ದು 1888ರಲ್ಲಿ. ಬಾಗಲಕೋಟೆಯ ಪ್ಲೈವುಡ್ ಅಂಗಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೋರಾ ಅಪ್ಪನ ರುಜು ನಕಲು ಮಾಡಿ ಸಾಲ ತಂದದ್ದು ಗಂಡನ ಜೀವ ಉಳಿಸಲಿಕ್ಕೆ. ಅದನ್ನು ಅವನಿಂದಲೇ ಮುಚ್ಚಿಡುತ್ತಾಳೆ. ತಾನು ಹೆಂಡತಿಯ ಋಣದಲ್ಲಿ ಇದ್ದೇನೆ ಅಂತ ಗೊತ್ತಾದರೆ ಗಂಡಸಿನ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ ಅಂತ. ಇದನ್ನು ಓದುವಾಗ ನನಗೆ ಹಳೇ ಸಂಸ್ಕೃತ ನಾಟಕ ಮೃಚ್ಛಕಟಿಕದ ಧೂತಾ ನೆನಪಾದಳು. ಚಾರುದತ್ತನ ಹೆಂಡತಿ. ಅವನ ಪ್ರೇಯಸಿ ವಸಂತಸೇನೆ ಇಟ್ಟುಹೋದ ಒಡವೆ ಅವನ ಮನೆಯಿಂದ ಕಳುವಾಗುತ್ತದೆ. ಧೂತಾ ತವರಿನ ರತ್ನಹಾರ ಬಿಚ್ಚಿ ಕೊಡುತ್ತಾಳೆ. ಅದೂ ಗಂಡನ ಕೈಗೆ ನೇರ ಅಲ್ಲ. ವ್ರತದ ದಾನ ಅಂತ ನೆಪ ಹೇಳಿ ಅವನ ಗೆಳೆಯ ಮೈತ್ರೇಯನ ಕೈಗೆ. ಚಾರುದತ್ತನಿಗೆ ಮೊದಲು ಸಂಕಟ. ದುಡ್ಡಿಲ್ಲದ ಗಂಡಸು ಹೆಂಗಸಾಗುತ್ತಾನೆ, ದುಡ್ಡಿದ್ದ ಹೆಂಗಸು ಗಂಡಸಾಗುತ್ತಾಳೆ ಅಂತ ಗೋಳಾಡುತ್ತಾನೆ. ಎರಡು ದೇಶ, ನಡುವೆ ಸಾವಿರಕ್ಕೂ ಹೆಚ್ಚು ವರ್ಷ. ಹೆಂಡತಿ ಉಪಕಾರ ಮಾಡಬೇಕಾದರೂ ಕಳ್ಳತನದಲ್ಲೇ ಮಾಡಬೇಕು! ಒಂದೇ ವ್ಯತ್ಯಾಸ: ಧೂತಾಗೆ ಹೊಗಳಿಕೆ ಸಿಕ್ಕಿತು, ನೋರಾಗೆ ಬೈಗುಳ. ಧೂತಾ ಯಾರ ರುಜುವನ್ನೂ ನಕಲು ಮಾಡಿರಲಿಲ್ಲ, ಅದೂ ನಿಜ.

ಸರಿ, ಮೂರನೇ ಬಾಗಿಲು. ಬಾಗಿಲೇ ಬೇಡ, ರೆಕಾರ್ಡ್ ಹಾಕೋಣ ಅಂದರು ನಿರ್ದೇಶಕರು. ಹಾಕಿದೆವು. ನೋರಾ ಎಡಗಡೆ ಹೋದಳು, ಬಾಗಿಲು ಬಲಗಡೆ ಸ್ಪೀಕರಿನಲ್ಲಿ ಬಡಿಯಿತು. ಸ್ಪೀಕರ್ ಎಡಕ್ಕೆ ತಂದೆವು. ಆಗ ಸದ್ದಿಗಿಂತ ಮೊದಲು ಅದರೊಳಗಿನ ಹೆಂಗಸು "ಬ್ಲೂಟೂತ್ ಕನೆಕ್ಟೆಡ್" ಅಂದಳು. ಗಂಡನ ಮನೆ ಬಿಟ್ಟ ಹೆಂಗಸು ಮೊದಲು ಮಾಡಿದ್ದು ಇದೇ ಅನ್ನುವ ಹಾಗೆ. ಅಲ್ಲಿಗೆ ಮೂರನೇ ಬಾಗಿಲು ಮುಚ್ಚಿತು.

ಈ ಹೊತ್ತಿಗೆ ತಂಡದ ಹಿರಿಯ ಕಾಕಾ ಒಂದು ಉಪಾಯ ತಂದರು. "ಬಾಗಲಾ ಹೆಂಗೂ ಬಡೀವಲ್ದು. ಫ್ಯಾಮಿಲಿ ಮಂದಿ ಬರ್ತಾರ. ಕಡೀಕ ಆಕಿ ಮಕ್ಕಳ ಮಾರಿ ನೋಡಿ ಅಲ್ಲೇ ಕುಂತ್ಲು ಅಂತ ಮಾಡೂಣು." ಕಾಕಾಗೆ ಗೊತ್ತಿಲ್ಲದೆ ಇಬ್ಸೆನ್‌ನ ಗಾಯಕ್ಕೇ ಕೈ ಹಾಕಿದ್ದರು. 1880ರಲ್ಲಿ ಜರ್ಮನಿಯ ಪ್ರಯೋಗಕ್ಕೆ ಅವನೇ ಅಂಥ ಮುಕ್ತಾಯ ಬರೆದುಕೊಟ್ಟಿದ್ದ. ಅಲ್ಲಿಯ ದೊಡ್ಡ ನಟಿ ಹೆಡ್ವಿಗ್ ನೀಮಾನ್ ರಾಬೆ, ಮಕ್ಕಳನ್ನು ಬಿಟ್ಟು ಹೋಗುವ ಪಾತ್ರ ನಾನು ಮಾಡುವುದಿಲ್ಲ ಅಂದಳು. ಅವನ ಕೃತಿಗೆ ಅಲ್ಲಿ ಕಾನೂನಿನ ರಕ್ಷಣೆ ಇರಲಿಲ್ಲ. ಬೇರೆ ಯಾರೋ ಕೆಡಿಸುವುದಕ್ಕಿಂತ ನಾನೇ ಕೆಡಿಸುವುದು ಮೇಲು ಅಂತ ಬರೆದ. ಹೆಲ್ಮರ್ ಅವಳನ್ನು ಮಕ್ಕಳ ಕೋಣೆ ಬಾಗಿಲಿಗೆ ಎಳೆದು ತರುತ್ತಾನೆ, ಅವಳು ಅಲ್ಲೇ ಕುಸಿಯುತ್ತಾಳೆ. ಆಮೇಲೆ ಅದು ನಾಟಕಕ್ಕೆ ಮಾಡಿದ ಅನಾಗರಿಕ ಹಿಂಸೆ ಅಂತ ಇಬ್ಸೆನ್ನೇ ಹೇಳಿದ. ಇದನ್ನೆಲ್ಲ ಹೇಳಿದೆ. ಕಾಕಾ, "ಅಂವಾ ಬರದಾನಂದ್ರ ಮತ್ತೇನ, ಛಲೋನೇ ಆತಲ್ಲ!" ಅಂದರು. ಕೈ ಮುಗಿದೆ.

ಆದರೆ ಕಾಕಾಗೆ ಉತ್ತರ ಕೊಡಲಿಕ್ಕೆ ಕೊನೇ ಪುಟ ಹತ್ತನೇ ಸಲ ಓದಿದೆನಲ್ಲ, ಅಲ್ಲೇ ಗಂಟು ಸಡಿಲಾಯಿತು. ರಂಗಸೂಚನೆ ಏನು ಹೇಳುತ್ತದೆ? ಸದ್ದು *ಕೆಳಗಿನಿಂದ* ಬರುತ್ತದೆ. ಮೂಲದಲ್ಲಿರುವ ಪದ 'ಪೋರ್ಟ್', ಅಂದರೆ ಬೀದಿ ಕಡೆಯ ಹೆಬ್ಬಾಗಿಲು. ಅದು ಮುಚ್ಚಿಕೊಂಡು ಬೀಗ ಬೀಳುವ ಸದ್ದು. ಹೆಲ್ಮರ್ ಮನೆ ಇರುವುದು ಮಹಡಿಯಲ್ಲಿ. ನೋರಾ ಮೆಟ್ಟಿಲಿಳಿದು ಬೀದಿ ಬಾಗಿಲು ಹಾಕಿಕೊಂಡು ಹೋಗುತ್ತಾಳೆ. ನಾನು ಐದು ವಾರ ಬಡಿದದ್ದು ತಪ್ಪು ಬಾಗಿಲು! ರಂಗದ ಮೇಲಿನ ಬಾಗಿಲು 'ಫಸ್' ಅಂದರೂ ನಡೆಯುತ್ತಿತ್ತು.

ಅಂದರೆ ಬೇಕಾದದ್ದು ತಲಬಾಗಿಲು, ಅದೂ ರಂಗದ ಕೆಳಗೆ. ಮೊದಲು ಚೌಕಟ್ಟು ಬೇಕು. ಪುಣ್ಯಕ್ಕೆ ಬನಶಂಕರಿ ಜಾತ್ರೆ ನಡೆದಿತ್ತು. ಬಾದಾಮಿ ಕಡೆಯವರಿಗೆ ಹೇಳಬೇಕಿಲ್ಲ: ಅಲ್ಲಿ ಒಂದು ಕಡೆ ಬಾಗಿಲು ಚೌಕಟ್ಟುಗಳ ಸಾಲು, ಇನ್ನೊಂದು ಕಡೆ ಕಂಪನಿ ನಾಟಕಗಳ ತಂಬು. ನನ್ನಂಥವಳಿಗೆ ಅದೇ ಸ್ವರ್ಗ. ಮೂರಡಿಗೆ ಎರಡೂವರೆ ಅಡಿ ಚೌಕಟ್ಟು ಕೇಳಿದೆ.

"ಇಷ್ಟ ಸಣ್ಣದು ಯಾವ ಮನೀಗ್ರಿ?"

"ನಾಟಕಕ್ಕ."

"ನಾಟಕಕ್ಕ ಖರೇ ಬಾಗಲಾ ಯಾಕ್ ಬೇಕ್ರಿ? ಅಲ್ಲಿ ನೋಡ್ರಿ, ಪರದೇದ ಮ್ಯಾಲ ಅರಮನೀನ ಬರದಾರ."

ಮಾತು ಸರಿಯೇ. ನಮ್ಮ ಕಡೆಯ ಆಟಕ್ಕೆ ಬಾಗಿಲು ಯಾವತ್ತೂ ಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ನೋಡಿದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಮೆ ಮುಖ ತಿರುಗಿಸಿ ಕೂತರೆ ಅದೇ ಮುಚ್ಚಿದ ಬಾಗಿಲು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ ಅಂತ ಸಿಟ್ಟು. ದೇವರೇ ಹೊರಗೆ ನಿಂತು ಗೋಗರೆಯಬೇಕು. ಒಂದು ಹಳೇ ಶ್ಲೋಕವೂ ಇದೆ. ಬಾಗಿಲು ತಟ್ಟಿದವನು ನಾನು ಮಾಧವ ಅನ್ನುತ್ತಾನೆ. ಓಹೋ, ವಸಂತ ಋತುವಾ? ಅಲ್ಲ, ಚಕ್ರಿ. ಹಾಗಾದರೆ ಕುಂಬಾರ. ಹರಿ ಕಣೇ! ಅಂದರೆ ಮಂಗ. ಬಾಗಿಲಿನ ಒಳಗಿದ್ದಾಗ ಹೆಂಡತಿಯ ನಾಲಿಗೆ ಎಷ್ಟು ಚುರುಕು ನೋಡಿ. ಇಂಗ್ಲೆಂಡಿನಲ್ಲೂ ಇದೇ ಕತೆ. ಶೇಕ್ಸ್‌ಪಿಯರ್‌ನ ಪೆಟ್ರೂಕಿಯೋ ಹೆಂಡತಿ ಕೇಟ್‌ಗೆ ಊಟ ನಿದ್ದೆ ಕೊಡದೆ ಗಿಡುಗ ಪಳಗಿಸಿದ ಹಾಗೆ ಪಳಗಿಸುತ್ತಾನೆ. ಗಂಡನ ಪಾದದ ಕೆಳಗೆ ಕೈ ಇಡಿ ಅಂತ ಅವಳ ಬಾಯಲ್ಲೇ ಹೇಳಿಸುತ್ತಾನೆ. 1611ರ ಸುಮಾರಿಗೆ ಫ್ಲೆಚರ್ ಅನ್ನುವ ನಾಟಕಕಾರ ಅದಕ್ಕೆ ಮುಂದಿನ ಕತೆ ಬರೆದ. ಕೇಟ್ ಸತ್ತಿದ್ದಾಳೆ. ಎರಡನೇ ಹೆಂಡತಿ ಮರಾಯಾ ಮದುವೆಯ ರಾತ್ರಿಯೇ ಗೆಳತಿಯರ ಜೊತೆ ಮಹಡಿ ಮೇಲೆ ಅಡ್ಡಗಟ್ಟಿಕೊಂಡು ಗಂಡನನ್ನು ಹೊರಗೆ ನಿಲ್ಲಿಸುತ್ತಾಳೆ.

ಭಾಮೆ, ಮರಾಯಾ ಇಬ್ಬರೂ ಮುಚ್ಚಿದ್ದು ಒಳಗಿನಿಂದ. ಒಳಗಿನಿಂದ ಮುಚ್ಚಿದ ಬಾಗಿಲು ಕೊನೆಗೆ ತೆರೆಯುತ್ತದೆ, ರಾಜಿಯಾಗುತ್ತದೆ, ಜನ ನಗುತ್ತ ಮನೆಗೆ ಹೋಗುತ್ತಾರೆ. ನೋರಾ ಮುಚ್ಚಿದ್ದು ಹೊರಗಿನಿಂದ. ಈ ಫರಕು ಸದ್ದಿನಲ್ಲೇ ಗೊತ್ತಾಗಬೇಕು. ಹೇಗೆ?

ಚೌಕಟ್ಟಿಗೆ ರೊಕ್ಕ ಕೊಟ್ಟೆ. ಚೌಕಾಸಿ ಮಾಡಿದ್ದು ನಾನೇ, ಯಾರೂ ಸಾಹೇಬ್ರನ್ನು ಕೇಳಲಿಲ್ಲ. ಪಕ್ಕದ ತಂಬಿನಲ್ಲಿ ಟಿಕೆಟ್ ತೆಗೆದು ನಾಟಕವನ್ನೂ ನೋಡಿದೆ. ಹೆಂಡತಿಯ ಮೇಲೆ ಎಷ್ಟು ನಗೆ ಮಾತು ಅಂತ ಎಣಿಸಲು ಶುರು ಮಾಡಿ ನಲವತ್ತಕ್ಕೆ ಬಿಟ್ಟೆ. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

ಬಾಗಿಲ ಹಲಗೆ ಸಿಕ್ಕಿದ್ದು ತವರಿನಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಯಾಯಿತು. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅನ್ನುವ ಅಂಕಿ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಹೊಸ ಊರು ನವನಗರಕ್ಕೆ ಬರುವಾಗ ಅಪ್ಪ ತಲಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ತಂದಿದ್ದರು. ಸಾಗವಾನಿ, ಎರಡಿಂಚು ದಪ್ಪ, ಜೋಡಿ ಕದ. ಹೊಸ ಮನೆಯ ಅಳತೆಗೆ ಕೂಡಲಿಲ್ಲ. ಅಂದಿನಿಂದ ಹಿತ್ತಲಿನ ತಗಡಿನ ಕೆಳಗೆ ಬಿದ್ದಿತ್ತು. ಒಂದು ಕದ ಗೆದ್ದಲಿಗೆ ಹೋಗಿದೆ, ಇನ್ನೊಂದು ಗಟ್ಟಿ. ಕತ್ತರಿಸಲೇನವ್ವಾ ಅಂತ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಲಕಾ ಬಿಟ್ಟು ಕೊಯ್ಯಿ" ಅಂದಳು.

ಈಗ ಕೆಲಸದ ಮಾತು, ಗಮನ ಕೊಡಿ. ಕದವನ್ನು ಚೌಕಟ್ಟಿಗೆ ಕೂರಿಸಿ, ಹಿಂದೆ ಪ್ಲೈವುಡ್ ಹೊಡೆದು ಡಬ್ಬಿ ಮಾಡಿದೆ. ತಪ್ಪು. ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ, ದಿಂಬಿನ ಹಾಗೆ ಕದವನ್ನು ತಡೆಯುತ್ತದೆ. ಹಿಂದಿನ ಹಲಗೆ ಕಿತ್ತೆ, ಸದ್ದು ಬಿಚ್ಚಿಕೊಂಡಿತು. ಆದರೆ ಗಡಗಡ. ಬಿಜಾಗ್ರಿಯಲ್ಲಿ ಸಡಿಲ ಇತ್ತು. ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದೆ. ನಿಂತಿತು. ಡಬ್ಬಿಯನ್ನು ರಂಗದ ಹಲಗೆಯ ಮೇಲಿಟ್ಟರೆ ರಂಗವೇ ನಗಾರಿ, ಪಾತ್ರಧಾರಿಗಳ ಕಾಲು ನಡುಗುತ್ತದೆ. ಕೆಳಗೆ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಬುಡಕ್ಕೆ ಮರಳು ಚೀಲ ಹೇರಿದೆ. ಆಗ ಬಂತು ನೋಡಿ, ಢಬ್! ನನ್ನ ಉಗುರು ಹೋದದ್ದೂ ಆಗಲೇ.

ಆದರೂ ಏನೋ ಕಮ್ಮಿ. ಢಬ್ ಅನ್ನುವುದು ಬರೀ ಸಿಟ್ಟು. ಸಿಟ್ಟಿನ ಬಾಗಿಲು ಮರುದಿನ ತೆರೆಯುತ್ತದೆ, ಎಲ್ಲರ ಮನೆಯಲ್ಲೂ. ಸೂಚನೆಯಲ್ಲಿ ಬೀಗ ಬೀಳುವ ಮಾತಿದೆ, ಅಲ್ವಾ? ಚಿಲಕಕ್ಕೆ ತೆಳ್ಳನೆ ದಾರ ಕಟ್ಟಿದೆ. ಕದ ಕೂತ ಮೇಲೆ ಒಂದು ಉಸಿರು ಬಿಟ್ಟು ದಾರ ಸಡಿಲ ಮಾಡಿದೆ. ಢಬ್. ಆಮೇಲೆ, ಟಕ್.

ಆ ಟಕ್ ದೊಡ್ಡ ಸದ್ದಲ್ಲ. ಕೊನೇ ಸಾಲಿಗೆ ಕೇಳುತ್ತದೋ ಇಲ್ಲವೋ ಅಂತ ಅವ್ವನನ್ನು ಅಲ್ಲಿ ಕೂರಿಸಿದ್ದೆ. ಕೇಳಿತು ಅಂದಳು. ಆಮೇಲೆ, "ಈ ಚಿಲಕಾ ನಾವು ದಿನಾ ಒಳಗಿಂದ ಹಾಕತಿದ್ವಿ. ಹೊರಗಿಂದ ಹಾಕಿದ್ದು ಟ್ರ್ಯಾಕ್ಟರ್ ಬಂದ ದಿನಾ ಒಮ್ಮೆ. ಹಾಕಿ ಏನ್ ಮಾಡೂದಿತ್ತು, ಬಾಗಲಾನೂ ಕಿತ್ತರು" ಅಂದು ನಕ್ಕಳು.

ಇನ್ನು ಉಳಿದದ್ದು ವೇಳೆ. ನೋರಾ ಹೋದ ಮೇಲೆ ಹೆಲ್ಮರ್ ಕುಸಿದು ಕೂರುತ್ತಾನೆ, ಎರಡು ಸಲ ಹೆಸರು ಕೂಗುತ್ತಾನೆ, ಎದ್ದು ನೋಡುತ್ತಾನೆ, ಖಾಲಿ ಅನ್ನುತ್ತಾನೆ. ಒಂದು ಆಸೆ ಮಿನುಗುತ್ತದೆ. ಆಗ ಬಾಗಿಲು. ನಮ್ಮ ಹೆಲ್ಮರ್‌ಗೆ ಇದಕ್ಕೆಲ್ಲ 24 ಸೆಕೆಂಡ್ ಬೇಕು. ನಾನು ನಮ್ಮ ಮನೆಯ 21 ಮೆಟ್ಟಿಲನ್ನು ಚೀಲ ಹಿಡಿದು ಇಳಿದು ನೋಡಿದೆ, ನೋರಾ ಕೈಯಲ್ಲೂ ಚೀಲ ಇದೆಯಲ್ಲ. 13 ಸೆಕೆಂಡ್. ಆರು ಸಲ ಇಳಿದೆ. ಪಕ್ಕದ ಮನೆಯವರು "ಎಲ್ಲಾ ಆರಾಮ ಅದಾರೇನ್ರಿ?" ಅಂತ ಕೇಳಿದರು.

ಹಾಗಾದರೆ ಆ 11 ಸೆಕೆಂಡ್ ಅವಳು ಎಲ್ಲಿದ್ದಳು? ಬೀಗದ ಕೈ ಕೊಟ್ಟಾಗಿದೆ, ಉಂಗುರ ಕೊಟ್ಟಾಗಿದೆ, ಅವನ ಉಂಗುರವನ್ನೂ ಬಿಚ್ಚಿಸಿಕೊಂಡಾಗಿದೆ. ಮರೆತದ್ದು ಏನೂ ಇಲ್ಲ. ಮೆಟ್ಟಿಲ ನಡುವೆ ನಿಂತಳು ಅಂತ ನನ್ನ ಲೆಕ್ಕ. ನೋರಾ ಪಾತ್ರದವಳು ಒಪ್ಪುವುದಿಲ್ಲ. ಅವಳ ಪ್ರಕಾರ ನೋರಾ ಬಾಗಿಲ ತನಕ ಓಡಿದಳು, ಅದು ಎಷ್ಟು ಭಾರ ಅಂತ ಅವಳಿಗೆ ಗೊತ್ತಿರಲಿಲ್ಲ, ಯಾವತ್ತೂ ತಾನೇ ತೆಗೆದವಳಲ್ಲ. ಇದು ಕೇಳಿ ನಾನು ಸುಮ್ಮನಾದೆ. ನಿನ್ನೆಯಿಂದ ಬಾಗಿಲನ್ನು ಸ್ವಲ್ಪ ನಿಧಾನ ಎಳೆಯುತ್ತಿದ್ದೇನೆ.

ಇಷ್ಟರಲ್ಲಿ ಮುಂದಿನ ಹುಚ್ಚು ಶುರುವಾಗಿದೆ: ಡೆಸ್ಡಿಮೋನಾಳ ಕರವಸ್ತ್ರ. ಒಥೆಲೋ ನಾಟಕದಲ್ಲಿ ಅದರ ಮೇಲೆ ಸ್ಟ್ರಾಬೆರಿ ಹಣ್ಣಿನ ಕಸೂತಿ ಇದೆ. ಒಂದು ತುಂಡು ಬಟ್ಟೆಯ ಮೇಲೆ ಹೆಂಡತಿಯ ನಡತೆ ತೂಗಿ ಕೊಲ್ಲುತ್ತಾನೆ ಒಥೆಲೋ ಮಹಾರಾಯ. ಅದನ್ನು ತನ್ನ ತಾಯಿಗೆ ಕೊಟ್ಟವಳು ಈಜಿಪ್ಟಿನ ಮಾಟಗಾತಿ ಅಂತ ಒಮ್ಮೆ, ಅಪ್ಪ ಅಂತ ಇನ್ನೊಮ್ಮೆ. ತನ್ನ ಮಾತೇ ಎರಡು ಥರ, ಅನುಮಾನ ಮಾತ್ರ ಅವಳ ಮೇಲೆ. ಅದನ್ನು ಎತ್ತಿಕೊಟ್ಟ ಡೆಸ್ಡಿಮೋನಾಳ ಸಖಿ ಎಮಿಲಿಯಾಳನ್ನೂ ಗಂಡ ಇಯಾಗೋನೇ ಇರಿಯುತ್ತಾನೆ. ನನ್ನ ತಲೆನೋವು ಬೇರೆ. ನಮ್ಮ ಕಸೂತಿಯಲ್ಲಿ ಗೋಪುರ ಇದೆ, ತೇರು ಇದೆ, ಆನೆ ಇದೆ, ತುಳಸಿಕಟ್ಟೆ ಇದೆ. ಸ್ಟ್ರಾಬೆರಿ ಎಲ್ಲಿಂದ ತರಲಿ? ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ಹಣ್ಣಿನ ದುಂಡು ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗುತ್ತದೆ. ಆದರೆ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಕರವಸ್ತ್ರ ಹೇಗೆ ಬಿದ್ದರೂ ಅದಕ್ಕೆ ಉಲ್ಟಾ ಅಂತ ಇರುವುದಿಲ್ಲ. ಅದಕ್ಕೇ ಬಿಡಲು ಮನಸ್ಸಿಲ್ಲ. ಇಳಕಲ್ ಕಡೆ ಯಾರಾದರೂ ಕೆಂಪು ದಾರ ಬಣ್ಣ ಬಿಡದ್ದು ಕೊಡುವವರಿದ್ದರೆ ಹೇಳಿ. ಹೋದ ಸಲ ತಂದದ್ದು ಒಂದೇ ನೀರಿಗೆ ಕರವಸ್ತ್ರ ಪೂರ್ತಿ ಗುಲಾಬಿ ಮಾಡಿತು.

ಇದನ್ನು ಬರೆಯುತ್ತಿದ್ದ ಹಾಗೇ ನಮ್ಮನೆಯವರ ಫೋನ್ ಬಂತು, ಆಫೀಸಿನಿಂದ. ಬಿಜಾಗ್ರಿ ರೆಡಿ ಆಗಿದೆ ಅಂತ ಬಡಗಿ ಅವರಿಗೆ ಫೋನ್ ಮಾಡಿದ್ದಾನೆ. ಎಷ್ಟು ಇಂಚಿನದು ಅಂತ ಕೇಳಿದ್ದಾನೆ. ಇವರು ಗಾಬರಿಯಲ್ಲಿ "32 ಎಂಎಂ, ಒಳಗ ಗಟ್ಟಿ ಕಟಗಿ" ಅಂದರಂತೆ.